ಹಾಲಿನ ಪಾತ್ರೆ ಕೂರುವ ಹೀಟರ್

ಲೂಯಿಸ್‌ವಿಲ್ ಕೆರೆಯಲ್ಲಿ ಹಾಯಿದೋಣಿ ಇಟ್ಟುಕೊಂಡಿದ್ದ ನಮ್ಮ ಪಕ್ಕದ ಮನೆಯ ಅಂಕಲ್ ಅದರ ಕ್ಯಾಬಿನ್‌ಗೆ ಹೀಟರ್ ಹುಡುಕುತ್ತಿದ್ದರು. ನಾನು ಫೋನಿನಲ್ಲಿ ಎಂಥದ್ದು ತೋರಿಸಿದರೂ ಕನ್ನಡಕ ಹಣೆಗೇರಿಸಿ ಒಂದೇ ಮಾತು: "ಮೇಲೆ ಹಾಲಿನ ಪಾತ್ರೆ ಕೂರುತ್ತೇನಪ್ಪಾ?"

"ನಿಮಗೆ ಬೇಕಾಗಿರೋದು ಹೀಟರೋ ಒಲೆಯೋ, ಅಂಕಲ್?" ಎಂದು ರೇಗಿದ್ದೆ.

ಆಂಟಿ ದೋಣಿಯಲ್ಲಿ ಒಂದು ರಾತ್ರಿಯೂ ಉಳಿದವರಲ್ಲ. ಚಳಿ ಒಂದು ಕಾರಣ. "ಹಾಲು ಉಕ್ಕಿಸದ ಜಾಗದಲ್ಲಿ ನಾನು ಮಲಗೋಲ್ಲ" ಎನ್ನುವುದು ಇನ್ನೊಂದು.

ಕೊನೆಗೂ ಮೇಲ್ಭಾಗ ಚಪ್ಪಟೆಯಾಗಿರುವ ಡೀಸೆಲ್ ಹೀಟರ್ ಸಿಕ್ಕಿತು. ಅಂಕಲ್ ಮಂಡಿಯೂರಿ ಅದನ್ನು ಕೂರಿಸಿದರು, ಚಾವಣಿಗೆ ತೂತು ಕೊರೆದು ಹೊಗೆಕೊಳವೆ ಏರಿಸಿದರು, ಅರಿಶಿನ ಕುಂಕುಮ ಹಚ್ಚಿ ಹೊತ್ತಿಸಿದರು. ಆಂಟಿ ಹಾಲಿಟ್ಟರು. ಅದು ಉಕ್ಕುವ ಹೊತ್ತಿಗೆ ಯಾವುದೋ ಸ್ಪೀಡ್‌ಬೋಟಿನ ಅಲೆಗೆ ದೋಣಿ ವಾಲಿ, ಹಾಲೆಲ್ಲ ಹೀಟರ್ ಮೇಲೆ ಚೆಲ್ಲಿ ಸೀದುಹೋಯಿತು. ನಾನು ಒರೆಸುವ ಬಟ್ಟೆಗೆ ತಡಕಾಡುತ್ತಿದ್ದರೆ ಅಂಕಲ್ ಚಪ್ಪಾಳೆ ತಟ್ಟಿದರು: "ಪೂರ್ವಕ್ಕೇ ಉಕ್ಕಿತು ಕಣೇ!"

ಆಂಟಿ ಆಗಲೇ ಹಾಸಿಗೆ ಬಿಡಿಸುತ್ತಿದ್ದರು.

ಈಗ ಅಂಕಲ್ ಇಲ್ಲ. ದೋಣಿ ಕೊಂಡವರು ಮೊನ್ನೆ ಚಳಿಯಲ್ಲಿ ನನಗೆ ಫೋನ್ ಮಾಡಿದ್ದರು. ಹೀಟರ್ ಹಚ್ಚಿದಾಗಲೆಲ್ಲ ಏನೋ ಸೀದ ವಾಸನೆ ಬರುತ್ತೆ, ರಿಪೇರಿ ಮಾಡಿಸಬೇಕಾ ಎಂದು ಕೇಳಿದರು.

"ಬೇಡ, ಬಿಡಿ" ಎಂದೆ. "ಅದು ಆ ಮನೆಯ ವಾಸನೆ."