ತಾಳ ಕೂಡಿದ ಕ್ಯಾಸೆಟ್ಟು

ಮೊನ್ನೆ ಪೇಪರಿನಲ್ಲಿ ಓದಿದೆ. ಈಗ ಫೋನಿನ ಹಾಡಿನೊಳಗೆ ಗುಟ್ಟಿನ ಸಂದೇಶ ಅಡಗಿಸಿ ಕಳಿಸಬಹುದಂತೆ. ಕೇಳುವವರಿಗೆ ಹಾಡಷ್ಟೇ ಕೇಳಿಸುತ್ತದೆ, ಬೀಗ ತೆಗೆಯಲು ಬಲ್ಲವರಿಗೆ ಮಾತ್ರ ಒಳಗಿನ ಮಾತು ಸಿಗುತ್ತದೆ. ಯಾರೂ ಕಾಣದ್ದನ್ನು ಕಂಡವರಂತೆ ಬರೆದಿದ್ದರು. ನನಗೆ ನಗು ಬಂತು. ಎಂಬತ್ತರ ದಶಕದಲ್ಲಿ ದೇವದುರ್ಗದಿಂದ ಮಾನ್ವಿಗೆ ಬಸ್ಸಿನಲ್ಲಿ ಬರುತ್ತಿದ್ದ ಕ್ಯಾಸೆಟ್ಟುಗಳಲ್ಲಿ ನಮ್ಮ ಗುಟ್ಟೂ ಹೀಗೇ ಓಡಾಡುತ್ತಿತ್ತು. ವ್ಯತ್ಯಾಸವೆಂದರೆ, ನಮ್ಮದು ಕಿವಿಗೆ ಗೊತ್ತಾಗುತ್ತಿತ್ತು.

ರಾಯಚೂರಿನಲ್ಲಿ ಟೀಚರ್ ಟ್ರೇನಿಂಗ್ ಓದುವಾಗ ನಾನೂ ನನ್ನ ಗೆಳತಿಯೂ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದೆವು. ಕೂಲಿ ಮಾಡುವವರ ಮನೆಯಿಂದ ಬಂದವರು ನಾವಿಬ್ಬರೇ. ಉಳಿದವರು ನಮ್ಮನ್ನು ಒಂದೇ ಗಂಟಿಗೆ ಕಟ್ಟಿಟ್ಟಿದ್ದರು, ನಾವೂ ಬಿಚ್ಚಿಕೊಳ್ಳಲು ಹೋಗಲಿಲ್ಲ. ಓದುವ ಹೊತ್ತಿನಲ್ಲಿ ಪಿಸುಗುಟ್ಟಿದರೂ ವಾರ್ಡನ್ ಮೈಮೇಲೆ ಬರುತ್ತಿದ್ದರು. ಅದಕ್ಕೆ ಟ್ರಂಕಿನ ಮೇಲೆ ಬೆರಳು ಬಡಿದು ಮಾತಾಡುವುದನ್ನು ಕಲಿತೆವು. ಪಾಟಿಯ ಮೇಲೆ ಬರೆಯುತ್ತಾರಲ್ಲ, ಕ ಸಾಲು, ಚ ಸಾಲು, ಟ ಸಾಲು ಎಂದು, ಹಾಗೆ ಮೊದಲು ಎಷ್ಟನೆಯ ಸಾಲು ಎಂದು ಬಡಿಯುವುದು, ತುಸು ತಡೆದು ಅದರಲ್ಲಿ ಎಷ್ಟನೆಯ ಅಕ್ಷರ ಎಂದು ಬಡಿಯುವುದು. ಸ್ವರಗಳ ತಂಟೆಗೆ ಹೋಗುತ್ತಿರಲಿಲ್ಲ, ಅವನ್ನು ಕೇಳುವವಳೇ ತುಂಬಿಕೊಳ್ಳಬೇಕು. ಪಕ್ಕದ ಮಂಚದ ಹುಡುಗಿ ಇದನ್ನು ಪತ್ತೆ ಹಚ್ಚಿದಾಗ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸತೊಡಗಿದೆವು. ಆಮೇಲೆ ಅವಳ ಬುದ್ಧಿ ಓಡಲಿಲ್ಲ.

ಮೊದಲ ವರ್ಷ ಮುಗಿದ ಬೇಸಿಗೆಯಲ್ಲಿ ಅವಳ ಮದುವೆಯಾಯಿತು. ಮುಂದೆ ಓದಿಸುತ್ತೇವೆ ಎಂದು ಮಾತು ಕೊಟ್ಟಿದ್ದ ದೇವದುರ್ಗದ ಬೀಗರು ಅಕ್ಕಿಕಾಳು ಬಿದ್ದ ಮೇಲೆ ಆ ಮಾತನ್ನೇ ಎತ್ತಲಿಲ್ಲ. ಎರಡನೆಯ ವರ್ಷ ನಾನೊಬ್ಬಳೇ ಓದಿದೆ. ಮುಗಿಸಿ ಮಾನ್ವಿಗೆ ಬಂದು, ನೀರಮಾನ್ವಿಯ ಶಾಲೆಯಲ್ಲಿ ಕೆಲಸ ಹಿಡಿದೆ. ಮನೆಯಲ್ಲಿ ಅಪ್ಪ, ನಾನು ಇಬ್ಬರೇ. ಅವ್ವ ತೀರಿಕೊಂಡು ಬಹಳ ವರ್ಷವಾಗಿತ್ತು. ಶಾಲೆಯಲ್ಲಿ ಮಕ್ಕಳ ಗದ್ದಲ, ಮನೆಯಲ್ಲಿ ಅಪ್ಪನ ಭಜನೆಯ ಗದ್ದಲ. ಅಷ್ಟರ ನಡುವೆಯೂ ನಾನು ಒಂಟಿಯಾಗಿದ್ದೆ. ನನ್ನೊಡನೆ ಮಾತಾಡುವವರು ಬೇಕಾದಷ್ಟಿದ್ದರು, ನನ್ನ ಮಾತು ಬೇಕಾದವರು ಯಾರೂ ಇರಲಿಲ್ಲ.

ಅಪ್ಪ ಊರಿನ ಭಜನಾ ಮೇಳಕ್ಕೆ ಹಿರಿಯ, ಮೇಳದ ಟೇಪ್ ರೆಕಾರ್ಡರ್ ಇರುತ್ತಿದ್ದದ್ದು ನಮ್ಮ ಮನೆಯಲ್ಲೇ. ಅವಳ ಮಾವನೂ ದೇವದುರ್ಗದಲ್ಲಿ ಮೇಳ ಕಟ್ಟಿದವನು. ಆಗ ಮೇಳದವರು ತಮ್ಮ ಹಾಡನ್ನು ಕ್ಯಾಸೆಟ್ಟಿಗೆ ತುಂಬಿ, ಕಂಡಕ್ಟರನ ಕೈಯಲ್ಲಿ ಊರಿಂದೂರಿಗೆ ಕಳಿಸಿಕೊಡುವ ರೂಢಿಯಿತ್ತು. ಕಾಗದ ಬರೆದರೆ ಆ ಮಾವ ಒಡೆದು ಓದುತ್ತಿದ್ದ. ಆದರೆ ಸೊಸೆಯ ದನಿಯ ಮೇಲೆ ಅವನಿಗೆ ಬಲು ಹೆಮ್ಮೆ. ತಾನೇ ಕೂರಿಸಿ, ಕೈಗೆ ತಾಳ ಕೊಟ್ಟು ಹಾಡಿಸುತ್ತಿದ್ದ.

ಮೊದಲ ಕ್ಯಾಸೆಟ್ಟು ಬಂದಾಗ ಮೇಳದವರೆಲ್ಲ ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ನುಡಿಗೂ ನುಡಿಗೂ ನಡುವೆ ಅವಳ ತಾಳ ಎಡವುತ್ತಿತ್ತು. ಅಪ್ಪ ಮುಖ ಸಿಂಡರಿಸಿದ. ನಾನು ಬಾಗಿಲಿಗೆ ಒರಗಿ ಎಣಿಸುತ್ತಿದ್ದೆ. ಸಾಲು, ಅಕ್ಷರ, ಸಾಲು, ಅಕ್ಷರ. ಕಲಿಬೇಕು, ಕಲಿಬೇಕು ಎಂದು ಅವಳು ಅಷ್ಟು ಜನರ ಮುಂದೆ ಹೇಳುತ್ತಿದ್ದಳು. ಕಣ್ಣು ತುಂಬಿ ಬಂತು. ಅಪ್ಪ ಅದನ್ನು ಭಕ್ತಿ ಎಂದುಕೊಂಡ.

ನಾನು ರಾಯಚೂರಿಗೆ ಹೋಗಿ ವಿಚಾರಿಸಿದೆ. ಟ್ರೇನಿಂಗ್ ಶಾಲೆ ಶುರುವಾಗುವುದರೊಳಗೆ ಬಂದರೆ ಅವಳನ್ನು ಎರಡನೆಯ ವರ್ಷಕ್ಕೆ ಸೇರಿಸಿಕೊಳ್ಳುತ್ತೇವೆ ಎಂದರು. ಅವಳ ಅಣ್ಣನನ್ನು ಕಂಡೆ. "ಆಕಿ ಬಾಯಿಲೆ ಬರ್ತೀನಿ ಅಂದ್ರ ಇವತ್ತ ಹೋಗಿ ಕರಕೊಂಡು ಬರ್ತೀನಿ. ಆಕಿ ಮನಸ್ಸು ತಿಳೀದ ಹೋಗಿ ಆಕಿ ಸಂಸಾರ ಮುರಿಯಾಕ ಆಗಂಗಿಲ್ಲ," ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನಮ್ಮ ಮೇಳದ ಕ್ಯಾಸೆಟ್ಟು ದೇವದುರ್ಗಕ್ಕೆ ಹೊರಟಾಗ, ಹಾಡುಗಳಾದ ಮೇಲೆ ಉಳಿದಿದ್ದ ಖಾಲಿ ಟೇಪಿನಲ್ಲಿ ಉಗುರಿನಿಂದ ಬಡಿದು ಕೇಳಿದೆ, ಅಣ್ಣ ಬರಲಿಯೇ ಎಂದು.

ಆಮೇಲಿನ ದಿನಗಳಲ್ಲಿ ಶಾಲೆಯಿಂದ ನೇರ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದೆ. ಕಂಡಕ್ಟರ್ ನನ್ನ ಮುಖ ಕಂಡರೆ ಸಾಕು, ದೂರದಿಂದಲೇ ಕೈಯಾಡಿಸಿ ಇಲ್ಲ ಎನ್ನುತ್ತಿದ್ದ. ಅವಳು ಬಂದರೆ ರಾಯಚೂರಿನಲ್ಲಿ ಅವಳ ಪರೀಕ್ಷೆಯ ಹೊತ್ತಿಗೆ ನಾನೂ ರಜೆ ಹಾಕಿ ಹೋಗಿರುವುದು, ಇಬ್ಬರೂ ಕೂಡಿ ಓದುವುದು ಎಂದೆಲ್ಲ ಮನಸ್ಸಿನಲ್ಲೇ ಸಂಸಾರ ಹೂಡಿದ್ದೆ.

ಕ್ಯಾಸೆಟ್ಟು ಕಡೆಗೂ ಬಂತು. ಮೇಳ ಕೂಡಿತು. ಅಪ್ಪ ಗುಂಡಿ ಒತ್ತಿದ. ಹಾಡಿಗಿಂತ ಮೊದಲು ಅವಳ ಮಾವನ ದನಿ ಬಂತು.

"ಮಾನ್ವಿ ಹಿರ್ಯಾರಿಗೆ ಶರಣ್ರೀ. ನೀವು ಕಂಡಕ್ಟರ್ ಕೂಡ ಹೇಳಿ ಕಳಿಸಿದ್ದು ಖರೇ ಅದ. ಸೊಸಿ ದನಿ ಚಲೋ ಅದ, ತಾಳ ತಪ್ಪತದ. ಅದಕ್ಕ ಈ ಸಲ ನಮ್ಮ ಸಣ್ಣ ಮಗನ ಕೈಯಾಗ ತಾಳ ಕೊಟ್ಟೀನಿ. ಕೇಳ್ರಿ."

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಸಂಕೋಚದಿಂದ ನಕ್ಕ. "ಹುಡುಗಿ ಭಾಳ ಮುಂದ ಬರ್ತದ, ಒಂದು ಮಾತು ಹೇಳಿದೆ ನೋಡವಾ," ಎಂದ.

ಹಾಡು ಶುರುವಾಯಿತು. ತಾಳ ಎಲ್ಲಿಯೂ ಎಡವಲಿಲ್ಲ. ಒಂದು ನುಡಿ ಮುಗಿದು ಇನ್ನೊಂದು ಹುಟ್ಟುವ ಕಡೆಯಲ್ಲೆಲ್ಲ ನಾನು ಉಸಿರು ಹಿಡಿದು ಕಾದೆ. ಅವಳ ಮೈದುನನ ಕೈ ಗಡಿಯಾರದಂತೆ ನಡೆದುಹೋಯಿತು. ಮೇಳದವರು ತಲೆದೂಗಿದರು, ತೊಡೆ ತಟ್ಟಿದರು. ಅವಳ ದನಿ ನಮ್ಮ ಪಡಸಾಲೆಯ ತುಂಬ ಇತ್ತು, ಅವಳು ಎಲ್ಲಿಯೂ ಇರಲಿಲ್ಲ. ಅಷ್ಟು ಒಂಟಿತನ ನನಗೆ ಅವ್ವ ಹೋದ ದಿನವೂ ಆಗಿರಲಿಲ್ಲ. ಅಪ್ಪನ ಮೇಲೆ ಸಿಟ್ಟು ಮಾಡಬೇಕೆಂದರೆ, ಏನೆಂದು ಮಾಡುವುದು?

ಟ್ರೇನಿಂಗ್ ಶಾಲೆ ಶುರುವಾಯಿತು. ಅಣ್ಣ ನನ್ನನ್ನು ಕೇಳಿದ, ಉತ್ತರ ಬಂದಿಲ್ಲ ಎಂದೆ. ಬಾರದ ಉತ್ತರವನ್ನು ಅವನು ಒಲ್ಲೆ ಎಂದು ತಿಳಿದು ಸುಮ್ಮನಾದ.

ಕೆಲವು ವರ್ಷಗಳಾದ ಮೇಲೆ ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ಬಗಲಲ್ಲಿ ಕೂಸಿತ್ತು. ಗಂಡ ಬಸ್ಸು ವಿಚಾರಿಸಲು ಹೋಗಿದ್ದ. ನಾನು ಬೇರೇನೂ ಕೇಳದೆ, "ನಾ ಬಡದಿದ್ದು ಮುಟ್ಟಿತ್ತೇನ?" ಎಂದೆ.

"ಮುಟ್ಟಿತ್ತು. ಮನ್ಯಾಗ ಎಲ್ಲಾರೂ ಟೇಪಿನಾಗ ಇಲಿ ಹೊಕ್ಕಾವ ಅಂತ ನಕ್ಕರು."

"ಏನು ಹೇಳಾಕಿದ್ದಿ?"

ಕೂಸನ್ನು ಇನ್ನೊಂದು ಬಗಲಿಗೆ ಹಾಕಿಕೊಂಡು, "ಜಲ್ದಿ ಬಾ ಅಂತ," ಎಂದಳು. ಗಂಡ ಬರುವುದು ಕಾಣಿಸಿತು. ಅವಳು ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದಳು, "ನಿಮ್ಮಪ್ಪಾರಿಗೆ ಹೇಳಬ್ಯಾಡ ಮತ್ತ. ಪಾಪ, ನನ್ನ ಒಳ್ಳೇದಕ್ಕ ಹೇಳ್ಯಾರ."

ಹೇಳಲಿಲ್ಲ. ಅಪ್ಪ ಇರುವತನಕ ಮನೆಗೆ ಬಂದವರಿಗೆಲ್ಲ ಆ ಕ್ಯಾಸೆಟ್ಟು ಹಾಕಿ, ತಾಳ ಹೇಗೆ ಕೂಡಿದೆ ನೋಡಿ ಎಂದು ಕೇಳಿಸುತ್ತಿದ್ದ. ನಾನು ಚಹಾ ಮಾಡುತ್ತೇನೆಂದು ಎದ್ದು ಒಳಗೆ ಹೋಗುತ್ತಿದ್ದೆ.