ಉಪ್ಪಿನ ಡಬ್ಬಿ ಮುಟ್ಟದವಳು

ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದವರು ನಾವು ಮೂವರು. ಮೂರನೆಯವಳು ಹೊಸಬಳು. ಆಕೆಯ ಕೇರಿ ಬೇರೆ ಎಂದು ನಾವಿಬ್ಬರೂ ಆಕೆಯನ್ನು ಒಲೆಯ ಹತ್ತಿರ ಬರಲು ಬಿಡುತ್ತಿರಲಿಲ್ಲ. ನೀರು ತರುವುದು, ಬೋಗಾಣಿ ತಿಕ್ಕುವುದು, ಅಷ್ಟೇ ಆಕೆಯ ಪಾಲು. ಏನು ಅಂದರೂ ಸೆರಗಿಗೆ ಕೈ ಒರೆಸಿಕೊಂಡು "ಆಗ್ಲಿರಿ ಅಕ್ಕಾರ" ಎನ್ನುತ್ತಿದ್ದಳು.

ಒಂದು ದಿನ ಮಾತಿನ ಭರದಲ್ಲಿ ನಾನು ಸಾರಿಗೆ ಎರಡನೇ ಸಲ ಉಪ್ಪು ಹಾಕಲು ಹೋದೆ. ಆಕೆ ಬಾಗಿಲಿನಿಂದಲೇ, "ಅಕ್ಕಾರ, ಉಪ್ಪ ಆಗಲೇ ಹಾಕೀರಿ" ಎಂದಳು.

"ನಿನ್ನ ಕೇಳಿದವ್ರ್ಯಾರಬೇ? ಬೋಗಾಣಿ ತಿಕ್ಕ ಹೋಗ" ಎಂದು ಗದರಿ, ಹಟಕ್ಕೆ ಹಾಕಿಯೇ ಬಿಟ್ಟೆ.

ಮಕ್ಕಳು ಬಾಯಿಗಿಟ್ಟು ಉಗುಳಿದರು. ಹೆಡ್ ಮಾಸ್ತರರು ಬಂದು, "ಯಾರ ಕೆಲಸಾರಿ ಇದು?" ಎಂದು ಕೇಳಿದರು. ನಾನು ಆಕೆಯ ಕಡೆ ಕೈ ತೋರಿಸಿದೆ. ಉಪ್ಪಿನ ಡಬ್ಬಿಯನ್ನು ನಾವು ಒಂದು ದಿನವೂ ಆಕೆಯ ಕೈಗೆ ಕೊಟ್ಟವರಲ್ಲ. ಅದು ಮೂವರಿಗೂ ಗೊತ್ತಿತ್ತು. ಮಾಸ್ತರರು ಮಕ್ಕಳೆದುರೇ ಆಕೆಗೆ ಬೈದರು. ಆಕೆ ನನ್ನ ಮುಖವನ್ನಷ್ಟೇ ನೋಡಿದಳು. ಅಂದು "ಆಗ್ಲಿರಿ" ಎನ್ನಲಿಲ್ಲ.

ಮರುದಿನದಿಂದ ಆಕೆ ಬರಲಿಲ್ಲ. ಯಾಕೆ ಬಿಟ್ಟಳೆಂದು ಮಾಸ್ತರರು ಕೇಳಿದಾಗ, "ಮೈಗಳ್ಳಿ ಅದಾಳ್ರಿ ಸರ್, ಆಕಿಗೆ ದುಡಿಯೂದು ಬ್ಯಾಡ" ಎಂದು ಹೇಳಿದವಳೂ ನಾನೇ.