ನಾನು ಎತ್ತದ ಬಾವುಟ

ಒಂದು ನಿಮಿಷ ತಾಳಿ, ಇದನ್ನು ಕೇಳಿಯೇ ಹೋಗಿ. "ಲೇ ಮಂಗ್ಯಾ, ಬಾವುಟ ಎತ್ತಲೇ!" ಎಂದು ನಮ್ಮ ಗೋಲ್‌ಕೀಪರ್, ಹುಬ್ಬಳ್ಳಿಯ ಬಸು, ಕಿರುಚುತ್ತಿದ್ದ. ನಾವಿರುವ ಡಚ್ ಪಟ್ಟಣ ಮಾಸ್ಟ್ರಿಕ್ಟ್‌ನ ಹವ್ಯಾಸಿ ಫುಟ್‌ಬಾಲ್‌ನಲ್ಲಿ ಗೆರೆಯ ಪಕ್ಕ ಬಾವುಟ ಹಿಡಿದು ನಿಲ್ಲುವ ಲೈನ್ಸ್‌ಮನ್ ಕೂಡ ತಂಡದವರೇ. ಆ ದಿನ ನಾನಾಗಿದ್ದೆ. ಕೊನೆಯ ಕ್ಷಣದಲ್ಲಿ ಎದುರಾಳಿ ಗೋಲು ಹೊಡೆದಿದ್ದ. ಅವನು ನಿಯಮ ಮೀರಿ ಮುಂದೆ ನಿಂತಿದ್ದ, ಆಫ್‌ಸೈಡ್ ಎಂದು ನಾನು ಬಾವುಟ ಎತ್ತಿದ್ದರೆ ಗೋಲು ರದ್ದಾಗುತ್ತಿತ್ತು. ಆದರೆ ಅದು ಆಫ್‌ಸೈಡ್ ಆಗಿರಲಿಲ್ಲ. ಎತ್ತಲಿಲ್ಲ, ಸೋತೆವು.

ನಮ್ಮ ಕೋಚ್ ಹಿಂದೆ ಫ್ರಾನ್ಸ್‌ನಲ್ಲಿ ಸ್ಟ್ರೈಕರ್ ಆಗಿದ್ದವರು. ತಂಡದಿಂದ ತೆಗೆದೇಬಿಡುತ್ತಾರೆ ಎಂದುಕೊಂಡೆ. ಅವರು ಬಾವುಟ ಸುತ್ತಿ ನನ್ನ ಬ್ಯಾಗಿಗೆ ತುರುಕಿದರು. "ನಾನು ಹೊಡೆದ ಎಷ್ಟೋ ಒಳ್ಳೇ ಗೋಲುಗಳನ್ನ ಸುಳ್ಳು ಬಾವುಟ ನುಂಗಿದೆ. ಮುಂದಿನ ವಾರನೂ ನೀನೇ ಹಿಡಿ."

ಬಸು ಇನ್ನೂ ಮಾತು ಬಿಟ್ಟಿದ್ದಾನೆ. ಬಾವುಟ ನನ್ನ ಬ್ಯಾಗಿನಲ್ಲೇ ಇದೆ. ನಮ್ಮವರ ವಿರುದ್ಧವೇ ನಿಜ ಹೇಳಬೇಕಾದ ಇಂಥ ಗಳಿಗೆ ನಿಮಗೂ ಬಂದಿದ್ದರೆ ಬರೆದು ತಿಳಿಸಿ.